ಪಂಚಾಂಗದೊಳಗಿನ ಆಟಿಕೆ ಅಂಗಡಿ

ಆಟದ ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಈಗಿನ ಮಕ್ಕಳು ಅಂಗಡಿಯ ಹೆಸರು ಹೇಳುತ್ತಾರೆ, ಇಲ್ಲವೇ ಅಮ್ಮನ ಫೋನು ತೋರಿಸುತ್ತಾರೆ. ಸಿರುಗುಪ್ಪದಲ್ಲಿ ಬೆಳೆದ ನಮ್ಮನ್ನು ಆಗ ಯಾರಾದರೂ ಕೇಳಿದ್ದರೆ ತಿಥಿ ಹೇಳುತ್ತಿದ್ದೆವು. ಹೋಳಿ ಹುಣ್ಣಿಮೆಗೆ ತಗಡಿನ ದೋಣಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ನಾಗರ ಪಂಚಮಿಗೆ ಕೊಬ್ಬರಿ ಬಟ್ಟಲು. ನಮ್ಮ ಪಾಲಿನ ಆಟಿಕೆ ಅಂಗಡಿಗೆ ವಿಳಾಸವಿರಲಿಲ್ಲ, ದಿನವಿತ್ತು. ಏಕಾದಶಿ ಯಾವತ್ತು ನೋಡ್ರೋ ಎಂದು ಅಜ್ಜಿ ಕೂಗಿದರೆ ಸಾಕು, ಕ್ಯಾಲೆಂಡರಿನ ಮುಂದೆ ನೂಕುನುಗ್ಗಲು. ಏಕಾದಶಿ ಅವಳಿಗೆ, ಅದರ ಮುಂದಿನ ಹುಣ್ಣಿಮೆ ನಮಗೆ. ತಿಥಿ ನಕ್ಷತ್ರಗಳಲ್ಲಿ ನಮಗಿದ್ದ ಆಸ್ಥೆಯನ್ನು ಕಂಡ ಎದುರುಮನೆಯ ತಾತ, ಈ ಹುಡುಗರಲ್ಲಿ ಒಬ್ಬನಾದರೂ ಜೋಯಿಸನಾಗುತ್ತಾನೆ ಎಂದು ಬಹಳ ವರ್ಷ ನಂಬಿದ್ದರು.

ಬಳ್ಳಾರಿ ಮಾತ್ರ ಈ ನಿಯಮಕ್ಕೆ ಹೊರತು. ಅಲ್ಲಿ ಹುಣ್ಣಿಮೆಯಿರಲಿ, ಅಮಾವಾಸ್ಯೆಯಿರಲಿ, ಆಟಿಕೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಅದಕ್ಕೆಂದೇ ತೆರೆದ ಅಂಗಡಿಯಲ್ಲಲ್ಲ, ಫ್ಯಾನ್ಸಿ ಸ್ಟೋರ್ಸಿನಲ್ಲಿ. ಫ್ಯಾನ್ಸಿ ಸ್ಟೋರ್ಸ್ ಎಂದರೆ ಮೂಲತಃ ಹೆಂಗಸರ ರಾಜ್ಯ. ಬಳೆ, ರಿಬ್ಬನ್ನು, ಟಿಕಳಿ, ಪೌಡರು, ಜಡೆಕುಚ್ಚು, ಮದುವೆಗೆ ಮುಯ್ಯಿ ಕೊಡುವ ಗೋಡೆ ಗಡಿಯಾರ. ಇವೆಲ್ಲದರ ಮೇಲೆ, ಫ್ಯಾನಿನ ರೆಕ್ಕೆಗೆ ತಾಗದಷ್ಟು ದೂರದಲ್ಲಿ, ಸೂರಿನಿಂದ ಇಳಿಬಿಟ್ಟ ದಾರಗಳಲ್ಲಿ ನಮ್ಮ ಲೋಕ ತೂಗುತ್ತಿತ್ತು. ಕೀಲಿ ಕೊಟ್ಟರೆ ಡೋಲು ಬಾರಿಸುವ ಕರಡಿ, ಮಲಗಿಸಿದರೆ ಕಣ್ಣು ಮುಚ್ಚುವ ಹೊಂಗೂದಲ ಗೊಂಬೆ, ಮೂತಿಯಲ್ಲಿ ಕೆಂಪು ದೀಪವಿದ್ದ ಪೊಲೀಸ್ ಜೀಪು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಚೀಲದ ಮುಸುಕು. ಅದರ ಮೇಲೆ ಬಳ್ಳಾರಿಯ ಕೆಂಪು ಧೂಳು ಎಷ್ಟು ಕೂತಿರುತ್ತಿತ್ತೆಂದರೆ ಕರಡಿಯ ನಿಜವಾದ ಬಣ್ಣ ಯಾವುದೆಂದು ಅಂಗಡಿಯವರಿಗೂ ಗೊತ್ತಿದ್ದಂತಿರಲಿಲ್ಲ. ತುದಿಗೆ ಕೊಕ್ಕೆ ಕಟ್ಟಿದ ಉದ್ದ ಕೋಲೊಂದು ಮೂಲೆಯಲ್ಲಿ ಒರಗಿರುತ್ತಿತ್ತು. ಆ ಕೋಲು ಮೇಲೆದ್ದರೆ ಯಾರದೋ ಮನೆಯ ಮಗುವಿನ ಭಾಗ್ಯ ತೆರೆಯಿತೆಂದು ಅರ್ಥ. ನಾವು ಅತ್ತೆಯ ಮನೆಗೆಂದು ಬಳ್ಳಾರಿಗೆ ಹೋದಾಗಲೆಲ್ಲ ಅಮ್ಮ ಬಳೆ ಇಡಿಸಿಕೊಳ್ಳುವಷ್ಟು ಹೊತ್ತು ಕತ್ತೆತ್ತಿಕೊಂಡೇ ನಿಂತಿರುತ್ತಿದ್ದೆವು.

ಕೇಳಿದರೆ ಅಪ್ಪ ಇಲ್ಲ ಎಂದವರಲ್ಲ. ಇಲ್ಲ ಎನ್ನುವುದು ಜಗಳಕ್ಕೆ ಮೂಲ ಎಂದು ಅವರಿಗೆ ಗೊತ್ತಿತ್ತು. “ಬರ್ತಾ ನೋಡಾನು ನಡೀರಿ” ಎನ್ನುತ್ತಿದ್ದರು. ಮಾತಿನಲ್ಲಿ ಮೋಸವಿರಲಿಲ್ಲ, ದಾರಿಯಲ್ಲಿತ್ತು. ತೇರು ಬೀದಿಯಲ್ಲಿ ಹೋದರೆ ಕಾಳಮ್ಮ ಬೀದಿಯಲ್ಲಿ ವಾಪಸ್. ಬೆಂಗಳೂರು ರಸ್ತೆಯಲ್ಲಿ ಹೋದರೆ ಬರುವಾಗ ಯಾವುದೋ ಸಂದು, ಸಂದಿನೊಳಗೊಂದು ಸಂದು, ಕೊನೆಗೆ ನೇರ ಬಸ್ ನಿಲ್ದಾಣ. ಬಳ್ಳಾರಿ ಪೇಟೆಯ ಭೂಗೋಳ ನನಗೆ ಇಂದಿಗೂ ಬಾಯಿಪಾಠ. ಆ ಊರಿನಲ್ಲಿ ಒಂದು ಅಂಗಡಿಯನ್ನು ತಪ್ಪಿಸಿ ನಡೆಯಲು ಎಷ್ಟು ದಾರಿಗಳಿವೆ ಎಂದು ಅಪ್ಪನಷ್ಟು ತಿಳಿದವರು ಪಾಲಿಕೆಯಲ್ಲೂ ಇರಲಿಕ್ಕಿಲ್ಲ.

ಮಕ್ಕಳ ಈ ಹಟ ನಿನ್ನೆ ಮೊನ್ನೆಯದಲ್ಲ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಹೆಸರು ಬಂದಿರುವುದೇ ಒಂದು ಆಟಿಕೆಯಿಂದ. ಚಾರುದತ್ತನ ಮಗ ರೋಹಸೇನ ಪಕ್ಕದ ಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿ ಬಂದಿದ್ದಾನೆ. ಮನೆಯ ದಾಸಿ ಮಣ್ಣಿನ ಬಂಡಿ ಮಾಡಿಕೊಟ್ಟರೆ ಒಲ್ಲೆ ಎಂದು ಅಳುತ್ತಾನೆ. ವಸಂತಸೇನೆಯ ಕರುಳು ಚುರ್ರೆಂದು, ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬಿ, ಇದರಲ್ಲಿ ಚಿನ್ನದ್ದು ಮಾಡಿಸಿಕೊ ಎನ್ನುತ್ತಾಳೆ. ಮುಂದೆ ಅದೇ ಒಡವೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಚಾರುದತ್ತನನ್ನು ವಧ್ಯಸ್ಥಾನದವರೆಗೆ ಕೊಂಡೊಯ್ಯುತ್ತದೆ. ಹುಡುಗ ಅತ್ತನೆಂದು ಕೇಳಿದ್ದನ್ನು ಕೊಡಿಸಿದರೆ ಅಪ್ಪನ ತಲೆಗೇ ಬರುತ್ತದೆ ಎಂಬುದು ನಾಟಕದ ನೀತಿಯಲ್ಲದಿರಬಹುದು. ಆದರೆ ನಮ್ಮಪ್ಪ ಸಂಸ್ಕೃತ ಓದದೆಯೇ ಈ ನೀತಿಯನ್ನು ಗ್ರಹಿಸಿದ್ದರು.

ಅದೇ ಅಪ್ಪ ಕುರುಗೋಡಿನ ತೇರಿನ ದಿನ ಬೇರೆ ಮನುಷ್ಯ. ಅಮ್ಮನ ತವರು ಕುರುಗೋಡು, ಬಳ್ಳಾರಿಯಿಂದ ಮೂವತ್ತು ಕಿಲೋಮೀಟರಿನೊಳಗೆ. ಈಗ ಅದೇ ತಾಲ್ಲೂಕು ಕೇಂದ್ರ, ಆಗ ನಮಗೆ ಅದು ದೊಡ್ಡಬಸವೇಶ್ವರನ ಊರು, ಅಷ್ಟೇ. ಗುಡಿಯೊಳಗೆ ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ ಎರಡಾಳೆತ್ತರಕ್ಕೆ ಕೂತಿದ್ದಾನೆ. ಹೋಳಿ ಹುಣ್ಣಿಮೆಗೆ ಅವನ ತೇರು. ಮಾವನ ಮನೆಯ ತುಂಬ ನೆಂಟರು, ಅಂಗಳದಲ್ಲಿ ಮಂಡಾಳಿನ ಒಗ್ಗರಣೆ, ಮಿರ್ಚಿ. ತೇರಿಗೆ ಉತ್ತತ್ತಿ ಬಾಳೆಹಣ್ಣು ಎಸೆದು ಕೈಮುಗಿದ ಅಪ್ಪ, ಬೀಗರ ಊರಿನಲ್ಲಿ ಜಿಪುಣನೆನಿಸಿಕೊಳ್ಳಲಾರದೆ, “ಒಂದು, ಒಂದೇ ಒಂದು ತೊಗೊಳ್ರಿ” ಎಂದು ಜೇಬಿಗೆ ಕೈ ಹಾಕುತ್ತಿದ್ದರು. ಹಿಂದೆ ನಿಂತ ಮಾವ ಕಣ್ಣಲ್ಲೇ ನನಗೆ ‘ದೊಡ್ಡದು ಕೇಳು’ ಎಂದು ಸನ್ನೆ ಮಾಡುತ್ತಿದ್ದ. ಭಾವನ ಜೇಬಿಗೆ ಕತ್ತರಿ ಹಾಕುವ ಸುಖಕ್ಕೆ ಅವನಿಗೂ ವರ್ಷಕ್ಕೆ ಅದೊಂದೇ ತಿಥಿ.

ಜಾತ್ರೆಯ ಆಟಿಕೆ ಅಂಗಡಿಗೆ ಗೋಡೆಯಿಲ್ಲ, ಕೊಕ್ಕೆ ಕೋಲಿಲ್ಲ, ಮುಸುಕಿಲ್ಲ. ನೆಲಕ್ಕೆ ತಾಡಪಾಲು, ಮೇಲೆ ಪೆಟ್ರೋಮ್ಯಾಕ್ಸು. ಮುಟ್ಟಬಹುದು, ಊದಬಹುದು, ಬಾರಿಸಬಹುದು. ಒತ್ತಿದರೆ ಟಿಕ್ ಟಿಕ್ ಎನ್ನುವ ತಗಡಿನ ಕಪ್ಪೆ, ಬಣ್ಣದ ಕಾಗದದ ಗಿರಗಟ್ಟಿ, ಪೀಪಿ, ಸಣ್ಣ ರಂಧ್ರದಲ್ಲಿ ಕಣ್ಣಿಟ್ಟರೆ ದೇವರೂ ಸಿನಿಮಾ ನಟರೂ ಒಂದೇ ರೀಲಿನಲ್ಲಿ ದರ್ಶನ ಕೊಡುವ ಪ್ಲಾಸ್ಟಿಕ್ ಟಿ.ವಿ., ಕೆಂಪು ಪಟ್ಟಿಯ ಮದ್ದು ತುಂಬಿ ಹೊಡೆಯುವ ಬಂದೂಕು. ಹುಡುಗಿಯರಿಗೆಂದು ಅಡುಗೆ ಆಟದ ಸಾಮಾನು: ಒಲೆ, ಬೀಸುವ ಕಲ್ಲು, ಲಟ್ಟಣಿಗೆ. ಅದರಲ್ಲಿ ಹೆಚ್ಚು ಆಡುತ್ತಿದ್ದವರು ಗಂಡು ಹುಡುಗರೇ. ಮುಂದೆ ಅವರಲ್ಲಿ ಒಬ್ಬ ಮದುವೆ ಮನೆಗಳಿಗೆ ಅಡುಗೆ ಮಾಡಿಸುವ ಗುತ್ತಿಗೆದಾರನಾದ.

ಇವೆಲ್ಲದರ ನಡುವೆ ಒಂದು ಪ್ಲಾಸ್ಟಿಕ್ ಬೋಗುಣಿ, ಅದರ ತುಂಬ ನೀರು, ನೀರಿನಲ್ಲಿ ಟಪಟಪ ಟಪಟಪ ಎಂದು ತಾನೇ ಸುತ್ತುವ ತಗಡಿನ ದೋಣಿ. ಗೇಣುದ್ದ. ಹೊರಗೆ ಹಸಿರು ಕೆಂಪು ಬಳಿದಿದ್ದರು, ಒಳಗೆ ಬಗ್ಗಿ ನೋಡಿದರೆ ಯಾವುದೋ ಎಣ್ಣೆ ಡಬ್ಬಿಯ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಹೊಟ್ಟೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ತಗಡಿನ ಪೆಟ್ಟಿಗೆ, ಅದರಿಂದ ಹಿಂದಕ್ಕೆ ನೀರಿನೊಳಗೆ ಇಳಿದ ಎರಡು ಸಣ್ಣ ಕೊಳವೆ. ಕೊಳವೆಗೆ ಬಾಯಿಂದ ನೀರು ತುಂಬಿ, ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಪುಟ್ಟ ತಟ್ಟೆಯಲ್ಲಿಟ್ಟು ಹಚ್ಚಿ, ಪೆಟ್ಟಿಗೆಯ ಕೆಳಗೆ ತಳ್ಳಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ‘ಟಪ್’. ಇನ್ನೊಂದು. ಮತ್ತೆ ನಿಲ್ಲಿಸುವವರಿಲ್ಲ.

ಅದರ ಗುಟ್ಟು ತಿಳಿದದ್ದು ದೊಡ್ಡವನಾದ ಮೇಲೆ. ಪೆಟ್ಟಿಗೆಯ ನೀರು ಕಾದು ಉಗಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ರಭಸದಿಂದ ತಳ್ಳುತ್ತದೆ. ಉಗಿ ತಣಿದು ಕುಗ್ಗಿದಾಗ ಅಷ್ಟೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಹಾಕಿದ್ದನ್ನೇ ಮತ್ತೆ ಒಳಗೆ ಎಳೆದರೆ ದೋಣಿ ಇದ್ದಲ್ಲೇ ಇರಬೇಕಲ್ಲ? ಇಲ್ಲ. ಹೊರಗೆ ಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಗೆ ಬರುವ ನೀರು ಸುತ್ತಲಿಂದಲೂ ಬರುತ್ತದೆ. ಆ ವ್ಯತ್ಯಾಸವೇ ದೋಣಿಯ ನಡಿಗೆ. ತಾಮಸ್ ಪಿಯೋ ಎಂಬಾತ 1891ರಲ್ಲಿ ಬ್ರಿಟನ್ನಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಪಡೆದ. ಕುರುಗೋಡಿನ ತೇರು ಬಯಲಿಗೆ ಅದು ಯಾವ ದಾರಿಯಲ್ಲಿ ಬಂತೋ, ಬಂದದ್ದು ಮಾತ್ರ ಸರಿಯಾದ ಜಾಗಕ್ಕೆ.

“ಎಷ್ಟಪ್ಪಾ ದೋಣಿ?” ಅಪ್ಪ ಆಕಾಶ ನೋಡುತ್ತ ಕೇಳಿದರು.

“ಹತ್ತು ರೂಪಾಯಿ ಅಣ್ಣ.”

“ನಾಕಕ್ಕ ಕೊಡು.”

“ನಾಕಕ್ಕ ಬತ್ತಿ ಬರತೈತಣ್ಣ, ದೋಣಿ ಬರಲ್ಲ.”

ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋದರು. ಅವನು ಕರೆಯಬೇಕು, ಇವರು ಕೇಳಿಸದವರಂತೆ ಇನ್ನೆರಡು ಹೆಜ್ಜೆ ಹಾಕಬೇಕು, ಅದು ಪದ್ಧತಿ. ಆದರೆ ಅವನು ಕರೆಯಲಿಲ್ಲ. ನನ್ನ ಮುಖ ನೋಡಿದ್ದ. ದೋಣಿಗೆ ಅಂಟಿಕೊಂಡು ಕೂತ ಹುಡುಗನನ್ನು ಬಿಟ್ಟು ಅಪ್ಪ ಎಷ್ಟು ದೂರ ಹೋದಾರು ಎಂಬ ಲೆಕ್ಕ ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ತಾವೇ ತಿರುಗಿ ಬಂದರು. ಎಂಟಕ್ಕೆ ಮುಗಿಯಿತು. ಉಳಿಸಿದ ಎರಡು ರೂಪಾಯಿಯ ಕಥೆಯನ್ನು ಅಪ್ಪ ಸಿರುಗುಪ್ಪದವರೆಗೂ ಹೇಳಿದರು. ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದರು.

ದೋಣಿ ಮನೆಯ ಹಂಡೆಯಲ್ಲಿ ಓಡಿತು, ಬಾನಿಯಲ್ಲಿ ಓಡಿತು. ಓಡಿಸಲು ಎಲ್ಲರಿಗಿಂತ ಮೊದಲು ಎದ್ದು ಕೂರುತ್ತಿದ್ದವರು ಅಪ್ಪ. ಬತ್ತಿ ಹೊಸೆಯುವ ಹಕ್ಕನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಾನಿ ಸಾಲದೆನಿಸಿದ ದಿನ ಅಣ್ಣ ಅದನ್ನು ದೊಡ್ಡಪ್ಪನ ಹೊಲದ ಬದಿಯ ಕಾಲುವೆಗೆ ಒಯ್ದ. ತುಂಗಭದ್ರಾ ಕೆಳಮಟ್ಟದ ಕಾಲುವೆ, ನಮ್ಮ ಕಡೆ ಎಲ್ಲರ ಬಾಯಲ್ಲಿ ಎಲ್‌ಎಲ್‌ಸಿ. ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟು ನಮ್ಮ ಹೊಲಗಳನ್ನು ದಾಟಿ ಕರ್ನೂಲು ಜಿಲ್ಲೆಗೆ ಹೋಗುವ ನೀರು. ಭತ್ತದ ಎರಡನೇ ಬೆಳೆಗೆ ನೀರು ಬಿಟ್ಟಿದ್ದ ಕಾಲ, ಕಾಲುವೆ ತುಂಬಿ ಹರಿಯುತ್ತಿತ್ತು. ದೋಣಿ ಒಂದೇ ಸಲ ಟಪ್ ಎಂದಿತು. ಆಮೇಲೆ ಅದಕ್ಕೆ ಉಗಿಯ ಹಂಗೇ ಬೇಕಾಗಲಿಲ್ಲ. ಅಣ್ಣ ದಂಡೆಯ ಮೇಲೆ ಓಡಿದ, ಅವನ ಹಿಂದೆ ನಾನು, ನನ್ನ ಹಿಂದೆ ನಾಯಿ. ತೂಬಿನ ಹತ್ತಿರ ನಾಯಿ ಮೊದಲು ನಿಂತಿತು.

ಸಂಜೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು. ಕಾಲುವೆ ನಮ್ಮದಲ್ಲ, ಕರ್ನಾಟಕದ್ದೂ ಅಲ್ಲ, ಆಂಧ್ರದ್ದೂ ಅಲ್ಲ. 1953ರಿಂದ ಅದು ತುಂಗಭದ್ರಾ ಮಂಡಳಿಯ ಸುಪರ್ದಿನಲ್ಲಿದೆ. ದೋಣಿ ಆದೋನಿ ಕಡೆ ತಲುಪಿದ್ದರೆ ಅದು ಅಂತರರಾಜ್ಯ ವ್ಯವಹಾರ, ಅರ್ಜಿ ಹಾಕಬೇಕು. ನಾವು ನಿಜವೆಂದು ನಂಬಿ ಅರ್ಜಿ ಬರೆದೆವು. ‘ಮಾನ್ಯರೇ, ನಮ್ಮ ಹಸಿರು ದೋಣಿ’ ಎಂದು ಶುರುವಾದ ಆ ಕಾಗದ ದೊಡ್ಡಪ್ಪನ ಅಂಗಿಜೇಬಿನಲ್ಲಿ ಬಹಳ ದಿನ ಇತ್ತು. ಊರಿನ ಕಚೇರಿಗಳಲ್ಲಿ ಕೆಲಸವಾಗದೆ ಕಾದು ಕೂತಾಗಲೆಲ್ಲ ಅದನ್ನು ತೆಗೆದು ಓದಿ ನಗುತ್ತಿದ್ದರಂತೆ.

ದೋಣಿ ಹೋದರೆ ಹೋಗಲಿ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದಲ್ಲ! ಜ್ಯೇಷ್ಠದ ಕೊನೆ, ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ. ಕುಂಬಾರರು ಬುಟ್ಟಿಯಲ್ಲಿ ಜೋಡೆತ್ತು ಹೊತ್ತು ಮನೆಬಾಗಿಲಿಗೆ ಬರುತ್ತಿದ್ದರು. ದುಡ್ಡು ಕೊಟ್ಟವರು ಕಡಿಮೆ. ಮೊರದಲ್ಲಿ ಜೋಳ ಸುರಿದರೆ ಎತ್ತು ಒಳಗೆ. ಆದರೆ ಕೊಂಡ ಎತ್ತು ದೇವರ ಜಗುಲಿಗೆ, ನಾವೇ ಮಾಡಿದ್ದು ಆಟಕ್ಕೆ ಎಂಬುದು ಮನೆಯ ಕಾಯಿದೆ. ಹೊಲದ ಎರೆ ಮಣ್ಣು ತಂದು, ಕಲ್ಲು ಬೇರು ಆಯ್ದು, ನೀರು ಹಾಕಿ ತುಳಿದು ನಾದುತ್ತಿದ್ದೆವು. ಮೈ ಸುಲಭ, ಹಿಣಿಲು ಸುಲಭ. ಕಷ್ಟವಿದ್ದದ್ದು ಕಾಲಲ್ಲಿ. ನಾಲ್ಕನ್ನೂ ಸಮ ಮಾಡಲು ಹೋಗಿ ಒಂದೊಂದನ್ನೇ ಗಿಡ್ಡ ಮಾಡುತ್ತ ಬಂದು ಕೊನೆಗೆ ಎತ್ತು ಕೂತುಬಿಡುತ್ತಿತ್ತು. ಆಗ ಅದನ್ನು ಕುರುಗೋಡು ಬಸವಣ್ಣ ಎಂದು ಘೋಷಿಸುತ್ತಿದ್ದೆವು. ಕೊಂಬಿನೊಳಗೆ ಪೊರಕೆ ಕಡ್ಡಿ, ಕಣ್ಣಿಗೆ ಬಿಳಿಜೋಳದ ಕಾಳು. ಬಿಸಿಲಿಗಿಟ್ಟರೆ ಮಾತ್ರ ಎರೆ ಮಣ್ಣು ತನ್ನ ಗುಣ ತೋರಿಸುತ್ತಿತ್ತು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣು ಅದು. ಬೇಸಿಗೆಯಲ್ಲಿ ಹೊಲವನ್ನೇ ಕೈ ತೂರುವಷ್ಟು ಸೀಳುವುದು ನಮ್ಮ ಎತ್ತನ್ನು ಬಿಟ್ಟೀತೇ? ಅಜ್ಜಿ ಒಲೆಯ ಬೂದಿ ಒಂದು ಹಿಡಿ ಬೆರೆಸಿಕೊಟ್ಟಳು. ಬಿರುಕು ಕಡಿಮೆಯಾಯಿತು.

ಹಬ್ಬದ ಮರುದಿನ ಕಾಲು ಮುರಿದ ಎತ್ತಿಗೇ ಬೆಲೆ ಜಾಸ್ತಿ. ಕುಂಟೆತ್ತನ್ನು ಹಲಗೆಯ ಮೇಲಿಟ್ಟು ಮನೆಮನೆಗೆ ಹೋಗಿ ಹಾಡು ಹೇಳಿ ಜೋಳ ಬೇಡುವುದು ನಮ್ಮ ಕಡೆಯ ಪದ್ಧತಿ. ಸರಿಯಾದ ಎತ್ತು ಮಾಡಿದ ಹುಡುಗ ಮನೆಯಲ್ಲೇ ಉಳಿದ, ಕೆಟ್ಟದಾಗಿ ಮಾಡಿದವನು ಮೆರವಣಿಗೆಯ ಮುಂದಾಳಾದ. ಜೋಳ ಮಾರಿ ಬಂದದ್ದರಲ್ಲಿ ಎಲ್ಲರಿಗೂ ಮಂಡಾಳು. ಸಂಜೆಗೆ ಎತ್ತುಗಳು ನೀರಿಗೆ.

ಯೋಚಿಸಿದರೆ ನಮ್ಮ ಜಿಲ್ಲೆಯ ಅತಿ ಹಳೆಯ ಆಟದ ಸಾಮಾನು ಎತ್ತೇ ಇರಬೇಕು. ಬಳ್ಳಾರಿಯ ಪಕ್ಕದ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದವರು ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕುಡತಿನಿಯ ಬೂದಿಗುಡ್ಡ ಅವರ ಕಾಲದ ದನಗಳ ಸಗಣಿ ಸುಟ್ಟು ಉಳಿದದ್ದು ಎನ್ನುತ್ತಾರೆ ಪುರಾತತ್ವದವರು. ಕಪ್ಪಗಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ದನಿ ಬರುತ್ತದೆ. ತಟ್ಟಿ ತಟ್ಟಿ ಆದ ಕುಳಿಗಳೂ ಇವೆ. ನಿಕೋಲ್ ಬೋಯ್ವಿನ್ ಎಂಬ ವಿದುಷಿ 2004ರಲ್ಲಿ ಇದರ ಬಗ್ಗೆ ಬರೆದು, ಚಿತ್ರ ಕೆತ್ತುವುದಕ್ಕೂ ನಾದ ಹೊರಡಿಸುವುದಕ್ಕೂ ಸಂಬಂಧವಿದ್ದೀತು, ಯಾವುದೋ ಆಚರಣೆಯ ಭಾಗವಿದ್ದೀತು ಎಂದು ವಿಚಾರ ಮಾಡಿದ್ದಾರೆ. ಇರಬಹುದು. ಆದರೆ ತಟ್ಟಿದರೆ ದನಿ ಕೊಡುವ ಕಲ್ಲು ಕೈಗೆ ಸಿಕ್ಕ ಮೇಲೆ, ನಾಲ್ಕು ಸಾವಿರ ವರ್ಷದ ಹಿಂದಿನ ಹುಡುಗರು ಆಚರಣೆಯ ದಿನದವರೆಗೆ ಕಾದರೆಂದು ನನಗನಿಸುವುದಿಲ್ಲ. ‘ಸುಮ್ಮನಿರ್ರಲೇ, ತಲೆ ಚಿಟ್ಟು ಹಿಡೀತು’ ಎಂಬ ಮಾತು ಆ ಗುಡ್ಡದ ಭಾಷೆಯಲ್ಲೂ ಇದ್ದಿರಲೇಬೇಕು.

ಶ್ರಾವಣದ ಪಂಚಮಿ ಬಂದರೆ ಆಟಿಕೆ ಅಡುಗೆಮನೆಯಿಂದ ಬರುತ್ತಿತ್ತು. ಕೊಬ್ಬರಿ ಬಟ್ಟಲಿಗೆ ಎರಡು ತೂತು, ಅದರೊಳಗೆ ದಾರ, ದಾರದ ಎರಡೂ ತುದಿ ಎರಡು ಕೈಯಲ್ಲಿ. ಹುರಿ ಹಾಕಿ ಎಳೆದರೆ ಗುಂಯ್ ಎಂದು ತಿರುಗುವುದು. ಬಗರಿಗೆ ಮೊಳೆ, ಗೋಲಿಗೆ ಗುಣಿ ಬೇಕು. ಇದಕ್ಕೆ ಹಸಿವು ಸಾಕು. ಬೆಳಗ್ಗೆ ಪೂರ್ಣ ಬಟ್ಟಲು, ಮಧ್ಯಾಹ್ನ ಅಂಚು ಕಚ್ಚಿದ ಬಟ್ಟಲು, ಸಂಜೆ ಹೊತ್ತಿಗೆ ಬರೀ ದಾರ. ಆಡುತ್ತ ಆಡುತ್ತ ತಿಂದು ಮುಗಿಸಬಹುದಾದ ಆಟಿಕೆಯನ್ನು ಯಾವ ಕಂಪನಿಯೂ ಇನ್ನೂ ಮಾರುಕಟ್ಟೆಗೆ ತಂದಿಲ್ಲ.

ಈಗ ನಮ್ಮ ಸುತ್ತ ಆಟಿಕೆಗೆ ಬರವಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮಾಡಿದ ‘ಕಿಟ್ಟ’ದಲ್ಲಿ ಕೀಲು ಕೂಡಿಸಿ ಬಣ್ಣ ಬಳಿಯುವುದು ತಲೆತಲಾಂತರದ ಕಸುಬು. ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದೇ ತಿಂಗಳ ಮೊದಲ ತಾರೀಖಿನಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವೂ ಆಯಿತು, ನೋಂದಾಯಿತ ಕುಶಲಕರ್ಮಿಗಳ ಸಾಮಾನಿಗೆ ವಿನಾಯಿತಿ. ಅಂಚು ಚೂಪಿರಬಾರದು, ಬಣ್ಣದಲ್ಲಿ ವಿಷವಿರಬಾರದು, ನುಂಗುವಂಥ ಬಿಡಿಭಾಗವಿರಬಾರದು. ಒಳ್ಳೆಯದೇ. ಆ ಲೆಕ್ಕದಲ್ಲಿ ನಮ್ಮ ಕುರುಗೋಡಿನ ದೋಣಿಯನ್ನು ತೂಗಿದರೆ ಹರಿತವಾದ ತಗಡು, ಏನೆಂದು ತಿಳಿಯದ ಬಣ್ಣ, ಸುಡುವ ಎಣ್ಣೆ, ಬಾಯಿಂದ ಹೀರಿ ತುಂಬುವ ಕೊಳವೆ ಒಂದೊಂದೂ ಅಪರಾಧ. ಪಾಸಾಗುವುದು ಬಹುಶಃ ಕೊಬ್ಬರಿ ಬಟ್ಟಲೊಂದೇ. ಅದಕ್ಕೂ ನುಂಗುವ ಕಲಮು ಅಡ್ಡ ಬಂದೀತು.

ಆದರೂ ಒಂದು ಲೆಕ್ಕ ಮಾತ್ರ ಮೊದಲಿನದೇ ಗಟ್ಟಿ ಎನಿಸುತ್ತದೆ. ತಿಥಿಗೆ ಬರುವ ಆಟಿಕೆಗಾಗಿ ಕಾಯಬೇಕು. ಕಾದ ಮೇಲೆ ಸಿಗುವುದು ಒಂದೇ, ಆರಿಸಬೇಕು. ಆರಿಸಲು ಹೊತ್ತೂ ಇಲ್ಲ, ತೇರು ಪಾದಗಟ್ಟೆ ಮುಟ್ಟಿ ತಿರುಗುವುದರೊಳಗೆ ಮುಗಿಯಬೇಕು. ತಂದದ್ದು ಬಾಳುವುದೂ ಇಲ್ಲ. ಎತ್ತು ನೀರಿಗೆ, ಬಟ್ಟಲು ಹೊಟ್ಟೆಗೆ, ದೋಣಿ ಕರ್ನೂಲಿಗೆ. ಕಪಾಟಿನಲ್ಲಿ ಉಳಿದಿದ್ದರೆ ಎಂದೋ ಬೇಸರ ಬಂದು ಮರೆತಿರುತ್ತಿದ್ದೆ. ಬಳ್ಳಾರಿಯಲ್ಲಿರುವ ಅಣ್ಣನ ಮೊಮ್ಮಗನ ಬಳಿ ಮೂರು ಬುಟ್ಟಿ ಆಟಿಕೆ ಇವೆ. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ತನಗೇ ಏನೋ ಬಂದಿದೆ ಎಂದು ಓಡುತ್ತಾನೆ. ಹಾಲಿನವನಿಗೂ ಅವನು ಕೇಳುವುದು ಅದೇ. ಯಾವುದು ಇಷ್ಟವೋ ಎಂದರೆ ಬುಟ್ಟಿಯನ್ನೇ ಮಗುಚಿ ತೋರಿಸುತ್ತಾನೆ. ಅವನ ತಪ್ಪೇನಿಲ್ಲ. ಎಲ್ಲ ದಿನವೂ ಹುಣ್ಣಿಮೆಯಾದರೆ ಯಾರು ತಾನೇ ಕತ್ತೆತ್ತಿ ನೋಡುತ್ತಾರೆ?

ಅದಕ್ಕೇ ಕಳೆದ ಹೋಳಿಗೆ ಅವನನ್ನು ಕುರುಗೋಡಿಗೆ ಕರೆದೊಯ್ದೆವು. ತಗಡಿನ ದೋಣಿ ಅಪರೂಪವಾಗಿದೆ, ಎಲ್ಲ ಕಡೆ ಸೆಲ್ಲು ಹಾಕಿದರೆ ಅಳುವ, ನಗುವ, ಇಂಗ್ಲಿಷ್ ಮಾತಾಡುವ ಸಾಮಾನು. ಹುಡುಗ ಅವನ್ನೆಲ್ಲ ಬಿಟ್ಟು ಒಂದು ಪೀಪಿ ಹಿಡಿದ. ಅಣ್ಣ ಆಕಾಶ ನೋಡುತ್ತ ಬೆಲೆ ಕೇಳಿದ, ಅರ್ಧಕ್ಕೆ ಇಳಿಸಿದ, ನಾಲ್ಕು ಹೆಜ್ಜೆ ಮುಂದೆಯೂ ಹೋದ. ಅಷ್ಟರಲ್ಲಿ ಹುಡುಗ ತನ್ನ ತಾಯಿಯ ಫೋನಿನಲ್ಲಿ ಕ್ಯೂಆರ್ ಕೋಡು ಸ್ಕ್ಯಾನ್ ಮಾಡಿಸಿ, ವ್ಯಾಪಾರಿ ಹೇಳಿದ ಪೂರ್ತಿ ಬೆಲೆ ಕಟ್ಟಿಸಿ, ಪೀಪಿ ಊದುತ್ತ ನಮ್ಮ ಹಿಂದೆಯೇ ಬಂದ. ಮನೆತನದ ಚೌಕಾಸಿ ವಿದ್ಯೆ ಆ ಬಯಲಿನಲ್ಲಿ ಮುಗಿಯಿತೆಂದು ಅಣ್ಣ ಬಹಳ ನೊಂದುಕೊಂಡ. ರಾತ್ರಿ ಹುಡುಗ ಮಲಗಿದ ಮೇಲೆ, ಉಳಿಸಲಾಗದ ಹಣದ ಕಥೆಯನ್ನು ಎಲ್ಲರಿಗೂ ಹೇಳಿ ಮುಗಿಸಿ, ಆ ಪೀಪಿಯನ್ನು ಊದಿ ಪರೀಕ್ಷಿಸಿದವನೂ ಅವನೇ. ಮುಂದಿನ ಹೋಳಿ ಹುಣ್ಣಿಮೆ ಯಾವ ವಾರ ಬರುತ್ತದೆ ಎಂದು ಬೆಳಗ್ಗೆ ಕ್ಯಾಲೆಂಡರ್ ತಿರುವುತ್ತಿದ್ದ. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಅಚ್ಚಾಗಿಲ್ಲ ಎಂದು ನಾನೇ ನೆನಪಿಸಬೇಕಾಯಿತು.